ಯಾತ್ರಿಕನ ಹಣ ಮತ್ತು ಅದರ ಹೊಣೆ

ಗೃಹಸ್ಥನ ಜೀವನದಲ್ಲಿ ಪ್ರವಾಸಕ್ಕೆ ವಿಶಿಷ್ಟವಾದ ಸ್ಥಾನವಿದೆ. ವ್ಯಾಪಾರಕ್ಕಾಗಿ, ವಿದ್ಯೆಗಾಗಿ, ಬಂಧುಗಳ ಭೇಟಿಗಾಗಿ, ತೀರ್ಥವಂದನೆಗಾಗಿ ಮನೆಯಿಂದ ಹೊರಡುವ ಶ್ರಾವಕನು ಎಲ್ಲ ಕಾಲದಲ್ಲಿಯೂ ಎರಡು ಚಿಂತೆಗಳನ್ನು ಹೊತ್ತುಕೊಂಡೇ ಹೊರಟಿದ್ದಾನೆ. ದಾರಿಯಲ್ಲಿ ಹಣ ಸುರಕ್ಷಿತವಾಗಿ ಉಳಿಯುವುದೇ ಎಂಬುದು ಒಂದು. ಹೋದ ಊರಿನಲ್ಲಿ ಆ ಹಣ ಸಲ್ಲುವುದೇ ಎಂಬುದು ಇನ್ನೊಂದು. ಈ ಎರಡು ಚಿಂತೆಗಳನ್ನು ನಿವಾರಿಸಲು ಮನುಷ್ಯನು ಕಂಡುಕೊಂಡ ಉಪಾಯಗಳ ಚರಿತ್ರೆ ದೀರ್ಘವಾದುದು. ಗದ್ಯಾಣ, ಹುಂಡಿ, ಹಾಲಿ ಸಿಕ್ಕ, ಮನಿಯಾರ್ಡರು, ಪ್ರವಾಸಿ ಚೆಕ್ಕು, ಮೊಬೈಲ್ ಮೂಲಕ ಪಾವತಿ ಇವೆಲ್ಲವೂ ಆ ಚರಿತ್ರೆಯ ಘಟ್ಟಗಳು. ಇತ್ತೀಚಿನ ಘಟ್ಟವೆಂದರೆ ಕ್ರಿಪ್ಟೊ ನಾಣ್ಯ. ವಿಮಾನದ ಟಿಕೆಟ್ಟನ್ನೂ ಹೋಟೆಲಿನ ಕೋಣೆಯನ್ನೂ ಇದರಿಂದಲೇ ಕಾಯ್ದಿರಿಸಬಹುದೆಂಬ ಮಾತು ಇಂದು ಅನೇಕ ಜೈನ ಕುಟುಂಬಗಳ ತರುಣರಿಂದ ಕೇಳಿಬರುತ್ತಿದೆ. ಆದ್ದರಿಂದ ಈ ಹಣದ ಹಿಂದಿನ ಹೊಣೆಯೇನು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿಚಾರ ಮಾಡುವುದು ಅಗತ್ಯವಾಗಿದೆ.

ಈ ವಿಚಾರಕ್ಕೆ ಕಲಬುರಗಿ ಸೀಮೆಗಿಂತ ಉಚಿತವಾದ ನೆಲೆ ಅಪರೂಪ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮೂಲಕ ಬೀದರಿಗೆ ಹೋಗುವ ದಾರಿ ಬಹಮನಿ ಅರಸರ ಎರಡು ರಾಜಧಾನಿಗಳ ನಡುವಿನ ದಾರಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಇಂದು ತಾಲೂಕು ಕೇಂದ್ರವಾಗಿದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡ ಬೀದರ–ಕಲಬುರಗಿ ರೈಲು ಮಾರ್ಗವೂ ಈ ಊರಿನ ಮೇಲೆಯೇ ಹಾದುಹೋಗುತ್ತದೆ. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನ ನಿಲ್ದಾಣವು ತೆರೆಯಿತು. ಒಂದೇ ಸೀಮೆಯ ಜನರು ರಾಷ್ಟ್ರಕೂಟರ ಕಾಲದಿಂದ ಇಂದಿನವರೆಗೆ ಎಷ್ಟು ಬಗೆಯ ನಾಣ್ಯಗಳನ್ನು ಕೈಯಲ್ಲಿ ಹಿಡಿದು ಪ್ರಯಾಣ ಮಾಡಿದರೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಗದ್ಯಾಣದ ಕಾಲ

ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಅದು ಜೈನ ವಿದ್ಯೆಯ ಮಹಾಕೇಂದ್ರವಾಗಿತ್ತು. ಆಚಾರ್ಯ ಜಿನಸೇನರು ಆ ಅರಸನಿಗೆ ಪೂಜ್ಯರಾಗಿದ್ದರು. ಇಂತಹ ರಾಜಧಾನಿಗೆ ಮುನಿಗಳು, ಪಂಡಿತರು, ವರ್ತಕರು ದೂರದೂರದಿಂದ ಬರುತ್ತಿದ್ದರು. ಮುನಿಗಳಿಗೆ ಹಣದ ಗೊಡವೆಯಿಲ್ಲ. ವರ್ತಕನಿಗಾದರೋ ಅದು ಬಿಡಲಾರದ ಬಂಧ.

ಮುಂದಿನ ಕಾಲದಲ್ಲಿ ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ವರ್ತಕ ಸಂಘದವರು ಕನ್ನಡ ನಾಡಿನೊಳಗೂ ಹೊರಗೂ ಸರಕು ಸಾಗಿಸಿದರು. ಅವರ ಶಾಸನಗಳು ನಾಡಿನಾದ್ಯಂತ ದೊರೆತಿವೆ. ಆ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸ ಮೊದಲಾದ ನಾಣ್ಯ ಮಾನಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಅತ್ತಿಮಬ್ಬೆಯ ಬಸದಿಯಿಂದ ಜೈನರಿಗೆ ಚಿರಪರಿಚಿತವಾದ ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ. ಅಲ್ಲಿ ಟಂಕಸಾಲೆಯಿತ್ತು, ಅಲ್ಲಿಯ ನಾಣ್ಯವು ಲೊಕ್ಕಿ ಗದ್ಯಾಣವೆಂದು ಊರ ಹೆಸರನ್ನು ಹೊತ್ತೇ ಚಲಾವಣೆಯಲ್ಲಿತ್ತು. ನಾಣ್ಯಕ್ಕೆ ಕಮ್ಮಟದ ಹೆಸರು ಅಂಟಿಕೊಂಡಿರುವುದು ಅರ್ಥಪೂರ್ಣವಾಗಿದೆ. ಇದು ಎಲ್ಲಿಯದು, ಯಾರದು ಎಂಬ ಪ್ರಶ್ನೆಗೆ ನಾಣ್ಯವೇ ಉತ್ತರ ಕೊಡಬೇಕಾಗಿತ್ತು. ಉತ್ತರ ಸಂದೇಹಾಸ್ಪದವಾದಾಗ ಒರೆಗಲ್ಲೂ ತಕ್ಕಡಿಯೂ ಇದ್ದವು. ಚಿನ್ನದ ನಾಣ್ಯವು ರಾಜ್ಯ ಬಿದ್ದರೂ ಚಿನ್ನವಾಗಿ ಉಳಿಯುತ್ತಿತ್ತು. ಆದರೆ ದಾರಿಯಲ್ಲಿ ಕಳ್ಳನ ಕೈಗೆ ಸಿಕ್ಕರೆ ಹೋದದ್ದು ಹೋದಂತೆಯೇ.

ನಾಣ್ಯವು ಎರಡು ರಾಜ್ಯಗಳ ಹೋರಾಟಕ್ಕೆ ಸಿಲುಕಿದಾಗ ನಡುವಿನ ಜನರಿಗೆ ಏನಾಗಬಹುದೆಂಬುದಕ್ಕೆ ಕಲಬುರಗಿಯ ಇತಿಹಾಸದಲ್ಲಿ ಭಯಂಕರವಾದ ಒಂದು ನಿದರ್ಶನವಿದೆ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯವು ತನ್ನದೇ ನಾಣ್ಯಗಳನ್ನು ಹೊರಡಿಸಿತು. ಸರಾಫರು ಆ ನಾಣ್ಯಗಳನ್ನು ಕರಗಿಸಿ, ನೆರೆಯ ವಿಜಯನಗರ ಮತ್ತು ವಾರಂಗಲ್ ಅರಸರ ನಾಣ್ಯಗಳೇ ಚಲಾವಣೆಯಲ್ಲಿ ಉಳಿಯುವಂತೆ ಮಾಡುತ್ತಿದ್ದರೆಂದೂ, ಎಚ್ಚರಿಕೆಗೆ ಮಣಿಯದ ಅವರನ್ನು ಮೊದಲನೆಯ ಮುಹಮ್ಮದ್ ಷಾ ಸುಲ್ತಾನನು (1358–1375) ಕೊಲ್ಲಿಸಿದನೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಈ ವೃತ್ತಾಂತವು ಘಟನೆ ನಡೆದು ಎರಡು ಶತಮಾನಗಳಿಗಿಂತ ಹೆಚ್ಚು ಕಾಲದ ಬಳಿಕ ಬರೆದುದು. ಆದರೂ ನಾಣ್ಯವೆಂಬುದು ಕೇವಲ ಲೋಹವಲ್ಲ, ಅದರ ಹಿಂದೆ ಒಂದು ಅಧಿಕಾರವಿದೆ ಮತ್ತು ಆ ಅಧಿಕಾರವು ತನ್ನ ಹಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬ ಸಂಗತಿಯನ್ನು ಅದು ಮನದಟ್ಟು ಮಾಡಿಕೊಡುತ್ತದೆ.

ಹುಂಡಿಯ ವಿಶ್ವಾಸ

ಕಳ್ಳರ ಭಯವಿರುವ ದಾರಿಯಲ್ಲಿ ಚಿನ್ನವನ್ನು ಒಯ್ಯದೆ ಹಣವನ್ನು ಒಯ್ಯುವ ಉಪಾಯವೇ ಹುಂಡಿ. ಒಂದು ಊರಿನ ಸರಾಫನಲ್ಲಿ ಹಣ ಕಟ್ಟಿದರೆ ಅವನು ಇನ್ನೊಂದು ಊರಿನ ತನ್ನ ಅಡತಿಯ ಹೆಸರಿಗೆ ಚೀಟಿ ಬರೆದುಕೊಡುತ್ತಿದ್ದನು. ಪ್ರಯಾಣಿಕನು ಆ ಚೀಟಿಯನ್ನು ಅಲ್ಲಿ ತೋರಿಸಿ ಹಣ ಪಡೆಯುತ್ತಿದ್ದನು. ತೋರಿಸಿದ ಕೂಡಲೇ ಹಣ ಕೊಡಬೇಕಾದುದು ದರ್ಶನಿ ಹುಂಡಿ. ಗೊತ್ತಾದ ದಿನಗಳು ಕಳೆದ ಮೇಲೆ ಕೊಡಬೇಕಾದುದು ಮುದ್ದತಿ ಹುಂಡಿ. ಮಾರುಕಟ್ಟೆಯಲ್ಲಿ ಗೌರವಸ್ಥನಾದ ಶಾಹನೊಬ್ಬನ ಮೂಲಕವೇ ಹಣ ಸಲ್ಲಬೇಕೆಂದು ಬರೆದುದು ಶಾಹಜೋಗ ಹುಂಡಿ. ಇದನ್ನು ಕದ್ದವನು ನೇರವಾಗಿ ಹಣ ಪಡೆಯುವಂತಿರಲಿಲ್ಲ. ಅವನ ಪರವಾಗಿ ನಿಲ್ಲುವ ಶಾಹನೊಬ್ಬನು ಬೇಕಾಗಿತ್ತು. ಹುಂಡಿ ಕಳೆದುಹೋದರೆ ಪೇಠ ಎಂಬ ಎರಡನೆಯ ಪ್ರತಿಯನ್ನೂ, ಅದೂ ಕಳೆದರೆ ಪರಪೇಠ ಎಂಬ ಮೂರನೆಯ ಪ್ರತಿಯನ್ನೂ ಬರೆದುಕೊಡುವ ಪದ್ಧತಿಯಿತ್ತು. ಹಣ ಸಂದ ಹುಂಡಿಗೆ ಖೋಖಾ ಎಂದು ಹೆಸರು. ಸರಕು ದಡ ಸೇರಿದರೆ ಮಾತ್ರ ಹಣ ಸಲ್ಲಬೇಕೆಂಬ ಜೋಖಮಿ ಹುಂಡಿಯೂ ಇತ್ತು. ಅದರಲ್ಲಿ ವಿಮೆಯ ತತ್ತ್ವವೂ ಅಡಗಿತ್ತು.

ಈ ವ್ಯವಸ್ಥೆಯ ಬೆಳವಣಿಗೆಯಲ್ಲಿ ಜೈನ ವರ್ತಕರ ಪಾತ್ರ ದೊಡ್ಡದು. 17ನೆಯ ಶತಮಾನದಲ್ಲಿ ಸೂರತ್ತಿನ ವೀರಜಿ ವೋರಾ ಇಂಗ್ಲಿಷ್ ಕಂಪನಿಗೂ ಸಾಲ ಕೊಡುವಷ್ಟು ದೊಡ್ಡ ಸಾಹುಕಾರನಾಗಿದ್ದನು. 18ನೆಯ ಶತಮಾನದಲ್ಲಿ ಮುರ್ಷಿದಾಬಾದಿನ ಓಸ್ವಾಲ ಮನೆತನವೊಂದು ಜಗತ್‌ಸೇಠ ಎಂಬ ಬಿರುದನ್ನು ಪಡೆಯಿತು. 1641ರಲ್ಲಿ ಬನಾರಸೀದಾಸರು ಬರೆದ ‘ಅರ್ಧಕಥಾನಕ’ವು ಆ ಕಾಲದ ಜೈನ ವರ್ತಕನ ಪ್ರವಾಸ, ಲಾಭ, ನಷ್ಟಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತದೆ.

ಹುಂಡಿಯಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಅದು ಬರಿಯ ಕಾಗದ. ಆದರೆ ಆ ಕಾಗದದ ಮೇಲೆ ಒಬ್ಬ ಮನುಷ್ಯನ ಹೆಸರಿತ್ತು. ಹಣ ಸಲ್ಲದಿದ್ದರೆ ಯಾರ ಅಂಗಡಿಯ ಮುಂದೆ ನಿಲ್ಲಬೇಕೆಂಬುದು ಗೊತ್ತಿತ್ತು. ಹುಂಡಿಯನ್ನು ಮರಳಿಸಿದ ಸರಾಫನು ಮಾರುಕಟ್ಟೆಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಅವನ ಖಾತೆ ಪುಸ್ತಕವನ್ನು ಪಂಚರು ತೆರೆದು ನೋಡಬಹುದಾಗಿತ್ತು. ಹುಂಡಿಯೂ ದುರುಪಯೋಗಕ್ಕೆ ಹೊರತಾದುದಲ್ಲ. ಕಾನೂನನ್ನು ಮರೆಮಾಚಿ ಹೊರದೇಶಕ್ಕೆ ಹಣ ಸಾಗಿಸುವ ಹವಾಲಾ ವ್ಯವಹಾರವು ಇದೇ ಪದ್ಧತಿಯ ವಿಕೃತ ರೂಪ. ಅದು ಇಂದು ದಂಡನೀಯವಾಗಿದೆ. ಪದ್ಧತಿಯು ತನ್ನಷ್ಟಕ್ಕೆ ಧರ್ಮವೂ ಅಲ್ಲ, ಅಧರ್ಮವೂ ಅಲ್ಲ. ಅದನ್ನು ಬಳಸುವವನ ಉದ್ದೇಶವೂ ಹೊಣೆಯೂ ಅದರ ಸ್ವರೂಪವನ್ನು ನಿರ್ಧರಿಸುತ್ತವೆ.

ಹಾಲಿ ಸಿಕ್ಕ ಮತ್ತು ಕಲ್ದಾರ

ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳ ಹಿರಿಯರಿಗೆ ಎರಡು ನಾಣ್ಯಗಳ ಲೆಕ್ಕವು ಅನುಭವದ ಮಾತಾಗಿತ್ತು. ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ತನ್ನದೇ ರೂಪಾಯಿಯಿತ್ತು. ಅದನ್ನು ಹಾಲಿ ಸಿಕ್ಕವೆಂದು, ಅಂದರೆ ಸದ್ಯ ನಡೆಯುವ ನಾಣ್ಯವೆಂದು ಕರೆಯುತ್ತಿದ್ದರು. 20ನೆಯ ಶತಮಾನದ ಆರಂಭದಿಂದ ಅದರ ಮೇಲೆ ಚಾರ್‌ಮಿನಾರಿನ ಚಿತ್ರವಿತ್ತು. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ ಎಂದು ಹೆಸರು; ಯಂತ್ರದಲ್ಲಿ ಅಚ್ಚಾದುದು ಎಂಬುದು ಅದರ ಅರ್ಥ. 1918ರ ಕಾಯಿದೆಯ ಮೇರೆಗೆ ಸಂಸ್ಥಾನವು ಕಾಗದದ ನೋಟುಗಳನ್ನೂ ಹೊರಡಿಸಿತು. ಆ ನೋಟುಗಳ ಮೇಲೆ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳೊಡನೆ ಕನ್ನಡದಲ್ಲಿಯೂ ಮೊತ್ತವನ್ನು ಬರೆದಿರುತ್ತಿದ್ದರು. ಅಕ್ಷರ ಬಲ್ಲ ಸಾಮಾನ್ಯ ಕನ್ನಡಿಗನೂ ತನ್ನ ಕೈಯಲ್ಲಿರುವ ಹಣ ಎಷ್ಟೆಂಬುದನ್ನು ತನ್ನ ಭಾಷೆಯಲ್ಲಿಯೇ ಓದಬಹುದಾಗಿತ್ತು.

ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೂಲಕ ರಾಯಚೂರಿನವರೆಗಿನ ರೈಲು ದಾರಿ 1871ರಲ್ಲಿ ಪೂರ್ಣವಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ರೈಲು ಬಂದ ಮೇಲೆ ಪ್ರಯಾಣ ಸುಲಭವಾಯಿತು. ಗಡಿ ದಾಟಿದ ಕೂಡಲೇ ನಾಣ್ಯ ಬದಲಾಯಿಸುವ ತೊಡಕು ಮಾತ್ರ ಉಳಿದೇ ಇತ್ತು. ಕುಂಥಲಗಿರಿಯು ನಿಜಾಮರ ಸಂಸ್ಥಾನದೊಳಗೇ ಇದ್ದ ಸಿದ್ಧಕ್ಷೇತ್ರ. ಅಲ್ಲಿಗೆ ಹೋಗುವ ಕಲಬುರಗಿಯ ಯಾತ್ರಿಕನಿಗೆ ಹಾಲಿ ಸಿಕ್ಕವೇ ಸಾಕಾಗಿತ್ತು. ಆದರೆ 1925ರ ಅಥವಾ 1940ರ ಮಹಾಮಸ್ತಕಾಭಿಷೇಕಕ್ಕೆಂದು ಶ್ರವಣಬೆಳಗೊಳಕ್ಕೆ ಹೊರಟವನಿಗೆ ಕಲ್ದಾರ ರೂಪಾಯಿ ಬೇಕಾಗಿತ್ತು. ಮೈಸೂರು ಸಂಸ್ಥಾನದಲ್ಲಿ ನಿಜಾಮರ ನಾಣ್ಯ ಸಲ್ಲುತ್ತಿರಲಿಲ್ಲ.

ಎರಡು ನಾಣ್ಯಗಳ ನಡುವಿನ ದರವು ಮೊದಲು ಏರಿಳಿಯುತ್ತಿತ್ತು. ಕೊನೆಗೆ 7 ಹಾಲಿ ರೂಪಾಯಿಗೆ 6 ಕಲ್ದಾರ ರೂಪಾಯಿಗಳೆಂದು ನಿಂತಿತು. 100 ರೂಪಾಯಿ ಕಲ್ದಾರ ಬೇಕಾದವನು 116 ರೂಪಾಯಿ 10 ಆಣೆ 8 ಪೈ ಹಾಲಿ ಹಣವನ್ನು ಕೊಡಬೇಕು. ಲೆಕ್ಕ ತೊಡಕಿನದಾದರೂ ಗೊತ್ತಾದ ಲೆಕ್ಕ. ಹೊರಡುವ ದಿನದ ದರವೂ ಮರಳುವ ದಿನದ ದರವೂ ಬೇರೆಯಾಗಿದ್ದರೆ ಯಾತ್ರೆಯ ಖರ್ಚನ್ನು ಅಂದಾಜು ಮಾಡುವುದೇ ಕಷ್ಟ. ದರವು ಸ್ಥಿರವಾದಾಗ ಯಾತ್ರಿಕನ ಮನಸ್ಸೂ ಸ್ಥಿರವಾಗುತ್ತದೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ನಿಜಾಮರ ರಾಜ್ಯಾಧಿಕಾರ ಕೊನೆಗೊಂಡಿತು. ಆದರೆ ಜನರ ಪೆಟ್ಟಿಗೆಯಲ್ಲಿದ್ದ ಹಾಲಿ ಸಿಕ್ಕವು ಒಂದು ರಾತ್ರಿಯಲ್ಲಿ ನಿಷ್ಪ್ರಯೋಜಕವಾಗಲಿಲ್ಲ. 1950ರಲ್ಲಿ ಭಾರತದ ರೂಪಾಯಿಯು ಹಾಲಿ ಹಣದ ಜೊತೆಯಲ್ಲಿಯೇ, 7ಕ್ಕೆ 6ರ ದರದಲ್ಲಿ ಚಲಾವಣೆಗೆ ಬಂದಿತು. 1951ರಲ್ಲಿ ಹೊಸ ಹಾಲಿ ನಾಣ್ಯ ಹೊರಡಿಸುವುದು ನಿಂತಿತು. 1959ರಲ್ಲಿ ಅದು ಸಂಪೂರ್ಣವಾಗಿ ರದ್ದಾಯಿತು. ಅಳಿದುಹೋದ ರಾಜ್ಯದ ನಾಣ್ಯಕ್ಕೂ ಉತ್ತರಾಧಿಕಾರಿಯಾದ ರಾಜ್ಯವು ಹೊಣೆ ಹೊತ್ತು, ಗೊತ್ತಾದ ದರದಲ್ಲಿ, ವರ್ಷಗಳ ಅವಕಾಶ ಕೊಟ್ಟಿತು. ಕಲಬುರಗಿಯ ಸಾಮಾನ್ಯ ಮನೆತನಗಳ ಉಳಿತಾಯವನ್ನು ಕಾಪಾಡಿದ್ದು ಬೆಳ್ಳಿಗಿಂತ ಹೆಚ್ಚಾಗಿ ಈ ಹೊಣೆ.

ಇದೇ ಕಾಲದಲ್ಲಿ ಜಗತ್ತಿನ ಬೇರೆಡೆಗಳಲ್ಲಿಯೂ ಪ್ರವಾಸಿಯ ಹಣಕ್ಕೆ ಹೊಸ ರೂಪಗಳು ಬಂದವು. 1874ರಲ್ಲಿ ಥಾಮಸ್ ಕುಕ್ ಸಂಸ್ಥೆಯು ಪ್ರವಾಸಿಗಳಿಗಾಗಿ ಸರ್ಕ್ಯುಲರ್ ನೋಟನ್ನು ಹೊರಡಿಸಿತು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯ ಪ್ರವಾಸಿ ಚೆಕ್ಕು ಬಂದಿತು. ಅದು ಕಳೆದುಹೋದರೆ ಅಥವಾ ಕಳವಾದರೆ ಸಂಸ್ಥೆಯೇ ಹಣ ತುಂಬಿಕೊಡುತ್ತಿತ್ತು. ಭಾರತದಲ್ಲಿ 1880ರಲ್ಲಿ ಅಂಚೆ ಇಲಾಖೆಯ ಮನಿಯಾರ್ಡರು ಆರಂಭವಾಯಿತು. ರೂಪ ಬೇರೆಯಾದರೂ ತತ್ತ್ವ ಹುಂಡಿಯದೇ: ಹಣ ಕಣ್ಣಿಗೆ ಕಾಣದೆ ಸಾಗಬಹುದು, ಆದರೆ ಅದಕ್ಕೆ ಉತ್ತರ ಹೇಳುವವನು ಕಾಣುವಂತಿರಬೇಕು.

ಹೆಸರಿಲ್ಲದ ನಾಣ್ಯ

2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಎಂಬ ಹೊಸ ನಾಣ್ಯದ ಯೋಜನೆಯು ಪ್ರಕಟವಾಯಿತು. ಆ ಹೆಸರಿನ ಹಿಂದಿರುವ ವ್ಯಕ್ತಿ ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. 2009ರ ಜನವರಿ 3ರಂದು ಅದು ಚಾಲನೆಗೆ ಬಂದಿತು. ಇದಕ್ಕೆ ರಾಜ್ಯವಿಲ್ಲ, ಕಮ್ಮಟವಿಲ್ಲ, ಲೋಹವಿಲ್ಲ. ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಖಾತೆ ಪುಸ್ತಕದ ಪ್ರತಿಗಳಿರುತ್ತವೆ. ಯಾರಿಂದ ಯಾರಿಗೆ ಎಷ್ಟು ಹೋಯಿತೆಂಬುದು ಅದರಲ್ಲಿ ದಾಖಲಾಗುತ್ತದೆ. ಸುಮಾರು 10 ನಿಮಿಷಕ್ಕೊಮ್ಮೆ ಹೊಸ ಪುಟವೊಂದು ಸೇರುತ್ತದೆ. ಹಿಂದಿನ ಪುಟವನ್ನು ತಿದ್ದುವುದು ಸಾಧ್ಯವಿಲ್ಲವೆನ್ನುವಷ್ಟು ಕಠಿಣ. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಖೋಟಾ ನಾಣ್ಯದ ಭಯವನ್ನು ಈ ಯೋಜನೆಯು ಗಣಿತದಿಂದಲೇ ನಿವಾರಿಸಿತೆಂಬುದನ್ನು ಒಪ್ಪಬೇಕು. ರೂಪಾಯಿಯಂತೆ ರಾಜ್ಯದ ಗಡಿಯೂ ಇದಕ್ಕಿಲ್ಲ. ಯಾತ್ರಿಕನ ಎರಡು ಹಳೆಯ ಚಿಂತೆಗಳಿಗೆ ಇದು ಪರಿಹಾರವಾಗಬಹುದೆಂದು ಅನೇಕರು ನಂಬಿದುದು ಸಹಜವೇ.

ಪ್ರವಾಸದ ವ್ಯವಹಾರಕ್ಕೆ ಇದು ಬೇಗನೆ ಪ್ರವೇಶಿಸಿತು. 2013ರಲ್ಲಿ ಅಮೆರಿಕದ ಚೀಪ್‌ಏರ್ ಸಂಸ್ಥೆಯು ವಿಮಾನದ ಟಿಕೆಟ್ಟಿಗೆ ಬಿಟ್‌ಕಾಯಿನ್ ಸ್ವೀಕರಿಸಲಾರಂಭಿಸಿತು. 2014ರಲ್ಲಿ ಲಾಟ್ವಿಯಾ ದೇಶದ ಏರ್‌ಬಾಲ್ಟಿಕ್ ಸಂಸ್ಥೆಯೂ, ಹೋಟೆಲ್ ಕೋಣೆಗಳಿಗಾಗಿ ಎಕ್ಸ್‌ಪೀಡಿಯಾ ಎಂಬ ದೊಡ್ಡ ಪ್ರವಾಸ ಸಂಸ್ಥೆಯೂ ಅದೇ ದಾರಿ ಹಿಡಿದವು. 2018ರಲ್ಲಿ ಎಕ್ಸ್‌ಪೀಡಿಯಾ ಈ ಸೌಕರ್ಯವನ್ನು ನಿಲ್ಲಿಸಿತು. ಬೇರೆ ಕೆಲವು ಸಂಸ್ಥೆಗಳು ಇಂದಿಗೂ ಸ್ವೀಕರಿಸುತ್ತವೆ. ಕೋಣೆಯ ಬೆಲೆಯನ್ನು ಸಾಮಾನ್ಯವಾಗಿ ಡಾಲರಿನಲ್ಲಿಯೋ ಯೂರೋದಲ್ಲಿಯೋ ಗೊತ್ತುಮಾಡಿ, ಆ ಕ್ಷಣದ ದರದಲ್ಲಿ ಇಷ್ಟು ನಾಣ್ಯವೆಂದು ತೋರಿಸಲಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಪಾವತಿ ಮಾಡದಿದ್ದರೆ ದರ ಬದಲಾಗುತ್ತದೆ. ನಡುವಿನ ಸಂಸ್ಥೆಯೊಂದು ನಾಣ್ಯವನ್ನು ಪಡೆದು ಹೋಟೆಲಿನವರಿಗೆ ಡಾಲರ್ ಕೊಡುವುದೂ ಉಂಟು. ನಾಣ್ಯ ಹೊಸದಾದರೂ ಗಡಿಯಲ್ಲಿ ಕುಳಿತ ಸರಾಫನು ಮರೆಯಾಗಿಲ್ಲ. ಅವನು ಪರದೆಯ ಹಿಂದೆ ಕುಳಿತಿದ್ದಾನೆ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಬಿಟ್‌ಕಾಯಿನ್ ಕೊಳ್ಳುವ ಮಾರುವ ಯುನೊಕಾಯಿನ್ ಸಂಸ್ಥೆಯು 2013ರಲ್ಲಿ ತುಮಕೂರಿನಲ್ಲಿ ಹುಟ್ಟಿತು. ಅದೇ ವರ್ಷದ ಡಿಸೆಂಬರ್ 24ರಂದು ಭಾರತೀಯ ರಿಸರ್ವ್ ಬ್ಯಾಂಕು ಇಂತಹ ನಾಣ್ಯಗಳ ಅಪಾಯದ ಬಗ್ಗೆ ಸಾರ್ವಜನಿಕರಿಗೆ ಮೊದಲ ಎಚ್ಚರಿಕೆ ನೀಡಿತು. 2018ರ ಏಪ್ರಿಲ್ 6ರಂದು ಬ್ಯಾಂಕುಗಳು ಇಂತಹ ವ್ಯವಹಾರಕ್ಕೆ ನೆರವಾಗಬಾರದೆಂದು ಅದು ಆದೇಶಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಆದ್ದರಿಂದ ಕ್ರಿಪ್ಟೊ ನಾಣ್ಯವನ್ನು ಹೊಂದಿರುವುದು ಭಾರತದಲ್ಲಿ ಅಪರಾಧವಲ್ಲ. ಆದರೆ ಅದು ಕಾನೂನು ಮಾನ್ಯ ಮಾಡಿದ ಹಣವೂ ಅಲ್ಲ. ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿಗಾಗಲಿ, ಕಮಲಾಪುರದ ಮೇಲೆ ಹೋಗುವ ರೈಲಿಗಾಗಲಿ ಟಿಕೆಟ್ ಪಡೆಯಲು ರೂಪಾಯಿಯೇ ಬೇಕು. 2016ರಲ್ಲಿ ಆರಂಭವಾದ ಯುಪಿಐ ಪಾವತಿಯೂ ರಿಸರ್ವ್ ಬ್ಯಾಂಕು 2022ರಲ್ಲಿ ಪ್ರಾಯೋಗಿಕವಾಗಿ ಹೊರಡಿಸಿದ ಇ-ರೂಪಾಯಿಯೂ ಮೊಬೈಲಿನಲ್ಲಿಯೇ ನಡೆಯುತ್ತವೆ. ಆದರೆ ಅವು ರೂಪಾಯಿಯ ರೂಪಾಂತರಗಳು. ಮೊಬೈಲಿನಲ್ಲಿ ಕಾಣುವುದೆಲ್ಲವೂ ಕ್ರಿಪ್ಟೊ ಎಂದು ಭಾವಿಸುವುದು ತಪ್ಪು.

2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭದ ಮೇಲೆ ಶೇಕಡ 30ರ ತೆರಿಗೆ ಜಾರಿಗೆ ಬಂದಿತು. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಖರ್ಚನ್ನು ಕಳೆಯುವಂತಿಲ್ಲ. ನಷ್ಟವನ್ನು ಬೇರೆ ಲಾಭದಲ್ಲಿ ಹೊಂದಿಸುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ, ಗೊತ್ತಾದ ಮಿತಿ ಮೀರಿದ ವರ್ಗಾವಣೆಗಳಲ್ಲಿ ಶೇಕಡ 1ನ್ನು ಮೂಲದಲ್ಲಿಯೇ ಮುರಿದುಕೊಳ್ಳಬೇಕೆಂಬ ನಿಯಮವೂ ಬಂದಿತು. ನಾಣ್ಯವನ್ನು ರೂಪಾಯಿಗೆ ಮಾರಿದರೆ ಮಾತ್ರ ತೆರಿಗೆಯೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಾಣ್ಯ ಕೊಟ್ಟು ಟಿಕೆಟ್ ಪಡೆಯುವುದೂ ವರ್ಗಾವಣೆಯೇ. 20,000 ರೂಪಾಯಿಗೆ ಕೊಂಡ ನಾಣ್ಯದ ಬೆಲೆ 50,000 ರೂಪಾಯಿಯಾದಾಗ ಅದರಿಂದ ಕುಟುಂಬದ ಪ್ರವಾಸವನ್ನು ಕಾಯ್ದಿರಿಸಿದರೆ ಲಾಭ 30,000 ರೂಪಾಯಿ. ಶೇಕಡ 30ರಂತೆ ತೆರಿಗೆ 9,000, ಶೇಕಡ 4ರ ಸೆಸ್ ಸೇರಿ 9,360 ರೂಪಾಯಿ. ಪ್ರವಾಸ ಮುಗಿದ ಮೇಲೆ ಈ ಲೆಕ್ಕವನ್ನು ಮರೆತವನು ತಿಳಿಯದೆಯೇ ತೆರಿಗೆ ತಪ್ಪಿಸಿದವನಾಗುತ್ತಾನೆ.

ಮರಳಿ ಕೊಡುವವರು ಯಾರು?

ಪ್ರವಾಸದ ಹಣಕ್ಕೆ ಬೇರೆ ಹಣಕ್ಕಿಲ್ಲದ ಒಂದು ಲಕ್ಷಣವಿದೆ. ಅಂಗಡಿಯಲ್ಲಿ ಬೇಳೆ ಕೊಂಡವನು ಹಣ ಕೊಟ್ಟ ಕ್ಷಣದಲ್ಲಿಯೇ ಬೇಳೆಯನ್ನು ಪಡೆಯುತ್ತಾನೆ. ಪ್ರವಾಸಿಯಾದರೋ ತಿಂಗಳುಗಳ ಮೊದಲೇ ಹಣ ಕೊಟ್ಟು, ಸೇವೆಯನ್ನು ತರುವಾಯ ಪಡೆಯುತ್ತಾನೆ. ನಡುವೆ ಕಾಯಿಲೆ ಬರಬಹುದು, ಮರಣ ಸಂಭವಿಸಬಹುದು, ವಿಮಾನ ರದ್ದಾಗಬಹುದು. ಆದ್ದರಿಂದ ಹಣ ಹೇಗೆ ಹೋಗುತ್ತದೆ ಎಂಬುದಕ್ಕಿಂತ ಹೇಗೆ ಮರಳುತ್ತದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

2020ರ ಮಾರ್ಚ್ ತಿಂಗಳು ಇದಕ್ಕೆ ಸಾಕ್ಷಿ. ಕೊರೊನಾ ಸಾಂಕ್ರಾಮಿಕದಿಂದ ದೇಶದ ರೈಲು, ವಿಮಾನ, ಬಸ್ಸುಗಳು ನಿಂತವು. ರದ್ದಾದ ರೈಲುಗಳ ಟಿಕೆಟ್ ಹಣವನ್ನು ರೈಲ್ವೆ ಇಲಾಖೆ ಪೂರ್ಣವಾಗಿ ಮರಳಿಸಿತು. ವಿಮಾನ ಟಿಕೆಟ್ಟುಗಳ ವಿಚಾರ ನ್ಯಾಯಾಲಯದ ಮೆಟ್ಟಿಲೇರಿತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಮರುಪಾವತಿಯ ಬಗ್ಗೆ ಆದೇಶ ನೀಡಿತು. ಹಣ ಬರಲು ತಡವಾಗಿರಬಹುದು; ಆದರೆ ಕೇಳಲು ಒಂದು ಬಾಗಿಲಿತ್ತು. ಅದೇ ಮಾರ್ಚ್ ತಿಂಗಳಲ್ಲಿ ಬಿಟ್‌ಕಾಯಿನ್ನಿನ ಬೆಲೆಯು ಒಂದೆರಡು ದಿನಗಳಲ್ಲಿಯೇ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು.

ಬಿಟ್‌ಕಾಯಿನ್ನಿನಲ್ಲಿ ಒಮ್ಮೆ ಕಳುಹಿಸಿದ ಹಣವನ್ನು ಹಿಂದೆ ಕರೆಯುವ ಉಪಾಯವಿಲ್ಲ. ಪಡೆದವನು ತಾನಾಗಿ ಮರಳಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಹಣವು ತಪ್ಪಾಗಿ ಬೇರೆ ವಿಳಾಸಕ್ಕೆ ಹೋದರೆ ಬ್ಯಾಂಕಿನ ವ್ಯವಸ್ಥಾಪಕನಿಗೆ ಅರ್ಜಿ ಕೊಡುವಂತಿಲ್ಲ. ಗುಪ್ತ ಕೀಲಿಯನ್ನು ಮರೆತರೆ ಪೇಠವೂ ಇಲ್ಲ, ಪರಪೇಠವೂ ಇಲ್ಲ. ಮರುಪಾವತಿಯನ್ನು ಕಾಯ್ದಿರಿಸಿದ ದಿನದ ದರದಲ್ಲಿ ಕೊಡಬೇಕೋ ಮರಳಿಸುವ ದಿನದ ದರದಲ್ಲಿ ಕೊಡಬೇಕೋ ಎಂಬುದು ಆಯಾ ಸಂಸ್ಥೆಯ ಕರಾರಿಗೆ ಬಿಟ್ಟ ವಿಷಯ. ನಾಣ್ಯವನ್ನು ವಿನಿಮಯ ಸಂಸ್ಥೆಯಲ್ಲಿ ಇಟ್ಟರೂ ಭಯ ತಪ್ಪಿದ್ದಲ್ಲ. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಸಂಸ್ಥೆಯು 8 ಲಕ್ಷ 50 ಸಾವಿರ ಬಿಟ್‌ಕಾಯಿನ್ನುಗಳು ಕಾಣೆಯಾದವೆಂದು ಹೇಳಿ ದಿವಾಳಿಯಾಯಿತು. ಅವುಗಳಲ್ಲಿ ಸುಮಾರು 2 ಲಕ್ಷ ಅನಂತರ ಪತ್ತೆಯಾದವು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳವಾದಾಗ ಗ್ರಾಹಕರು ತಮ್ಮ ಹಣಕ್ಕಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ರಾಜ್ಯವೇ ಮುಂದೆ ಬಂದರೂ ಜನರ ವಿಶ್ವಾಸವು ಆಜ್ಞೆಯಿಂದ ಹುಟ್ಟುವುದಿಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶವು 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ನನ್ನು ಕಾನೂನು ಮಾನ್ಯ ಹಣವನ್ನಾಗಿ ಮಾಡಿತು. 2025ರ ಆರಂಭದಲ್ಲಿ ಆ ಕಾನೂನನ್ನು ತಿದ್ದಿ, ಸ್ವೀಕರಿಸುವುದು ವರ್ತಕನ ಇಚ್ಛೆಗೆ ಬಿಟ್ಟದ್ದೆಂದು ಹೇಳಬೇಕಾಯಿತು.

ಶ್ರಾವಕನ ವಿವೇಕ

ಈ ಪ್ರಶ್ನೆಯು ವ್ಯವಹಾರ ಚಾತುರ್ಯಕ್ಕಷ್ಟೇ ಸೇರಿದುದಲ್ಲ. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜನಿಯಮವನ್ನು ಮೀರುವುದು, ಕಲಬೆರಕೆ ಮಾಡುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಎಂಬ ಐದನ್ನು ಎಣಿಸುತ್ತದೆ. ತೆರಿಗೆಯನ್ನು ಮರೆಮಾಚಲೆಂದೇ ಕ್ರಿಪ್ಟೊ ಮೂಲಕ ಪ್ರವಾಸ ಮಾಡುವವನು ಮೂರನೆಯ ಅತಿಚಾರಕ್ಕೆ ಒಳಗಾಗುತ್ತಾನೆ. ಬೆಲೆಗಿಂತ ತೀರ ಕಡಿಮೆಗೆ, ಮೂಲ ತಿಳಿಯದ ನಾಣ್ಯವನ್ನು ಕೊಳ್ಳುವವನು ಎರಡನೆಯದಕ್ಕೆ ಸಮೀಪದಲ್ಲಿದ್ದಾನೆ. ಇವೆರಡೂ ಇಲ್ಲದೆ, ಲೆಕ್ಕವನ್ನು ಸ್ಪಷ್ಟವಾಗಿಟ್ಟು, ತೆರಿಗೆ ಸಲ್ಲಿಸಿ ಬಳಸುವವನನ್ನು ಚೌರ್ಯದೋಷಿಯೆನ್ನಲಾಗದು.

ಅದೇ ಗ್ರಂಥವು ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭಗಳನ್ನು ಸೇರಿಸಿದೆ. ಬೆಲೆ ಏರುವುದೆಂಬ ಆಸೆಯಿಂದ ಕೂಡಿಡುವುದು ಅತಿಸಂಗ್ರಹ. ಮಾರಿದ ಬಳಿಕ ಬೆಲೆ ಏರಿದ್ದನ್ನು ಕಂಡು ಪರಿತಪಿಸುವುದನ್ನೂ ವಿಸ್ಮಯದಲ್ಲಿ ಸೇರಿಸಿ ವಿವರಿಸಿದ್ದಾರೆ. 2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬನು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾಗಳನ್ನು ತರಿಸಿಕೊಂಡನು; ಆ ನಾಣ್ಯಗಳ ಬೆಲೆ ಮುಂದೆ ಏರಿದ್ದನ್ನು ನೆನೆದು ಇಡೀ ಜಗತ್ತೇ ಬೆರಗಾಗುತ್ತಿದೆ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ನಿಗೆ ಸುಮಾರು 69,000 ಡಾಲರ್ ಬೆಲೆಯಿತ್ತು. ಒಂದು ವರ್ಷದೊಳಗೆ ಅದು 16,000 ಡಾಲರಿಗಿಂತ ಕೆಳಗಿಳಿಯಿತು. ಇಂತಹ ನಾಣ್ಯದಿಂದ ಯಾತ್ರೆ ಮಾಡಿದವನಿಗೆ ಖರ್ಚು ಮಾಡಿದರೂ ಪಶ್ಚಾತ್ತಾಪ, ಇಟ್ಟುಕೊಂಡರೂ ಭಯ. ಬಸದಿಯಲ್ಲಿ ಕೈಮುಗಿದು ನಿಂತಾಗಲೂ ಮನಸ್ಸು ದರಪಟ್ಟಿಯ ಮೇಲಿದ್ದರೆ ಆ ಯಾತ್ರೆಯ ಫಲವೇನು? ಪರಿಗ್ರಹಕ್ಕೆ ಮಿತಿ ಹಾಕಿಕೊಂಡವನು ಮನೆ, ಹೊಲ, ಚಿನ್ನಗಳೊಡನೆ ಈ ಕಾಣದ ಸಂಪತ್ತನ್ನೂ ಆ ಮಿತಿಯೊಳಗೆ ಎಣಿಸಬೇಕು. ಕಣ್ಣಿಗೆ ಕಾಣದೆಂಬ ಕಾರಣಕ್ಕೆ ಅದು ಪರಿಗ್ರಹವಲ್ಲದೆ ಹೋಗುವುದಿಲ್ಲ.

ಬಿಟ್‌ಕಾಯಿನ್ ಖಾತೆಯನ್ನು ಕಾಯಲು ಅಪಾರ ವಿದ್ಯುತ್ತು ಬೇಕಾಗುತ್ತದೆ ಎಂಬುದೂ ಅಹಿಂಸಾಧರ್ಮಿಗಳು ವಿಚಾರ ಮಾಡಬೇಕಾದ ಸಂಗತಿ. ಇಥೀರಿಯಂ ಎಂಬ ಇನ್ನೊಂದು ನಾಣ್ಯವು 2022ರ ಸೆಪ್ಟೆಂಬರಿನಲ್ಲಿ ತನ್ನ ವಿಧಾನವನ್ನೇ ಬದಲಿಸಿ ವಿದ್ಯುತ್ತಿನ ಬಳಕೆಯನ್ನು ಶೇಕಡ 99ಕ್ಕೂ ಹೆಚ್ಚು ತಗ್ಗಿಸಿತು. ಮನಸ್ಸಿದ್ದರೆ ಮಾರ್ಗವಿದೆಯೆಂಬುದಕ್ಕೆ ಇದು ನಿದರ್ಶನ.

ಟ್ರಸ್ಟುಗಳ ಕರ್ತವ್ಯ

ಒಬ್ಬ ವ್ಯಕ್ತಿಯು ತನ್ನ ಹಣವನ್ನು ಯಾವ ರೂಪದಲ್ಲಿಡಬೇಕೆಂಬುದು ಅವನ ವಿವೇಕಕ್ಕೆ ಬಿಟ್ಟದ್ದು. ಸಮಾಜದ ಹಣವನ್ನು ಕೈಯಲ್ಲಿ ಹಿಡಿದವರ ಮಾತು ಬೇರೆ. ಸಾಮೂಹಿಕ ತೀರ್ಥಯಾತ್ರೆಗಳನ್ನು ಏರ್ಪಡಿಸುವ ಬಸದಿ ಟ್ರಸ್ಟುಗಳು ನೂರಾರು ಕುಟುಂಬಗಳಿಂದ ಮುಂಗಡ ಪಡೆಯುತ್ತವೆ. ಆ ಹಣದಲ್ಲಿ ನಿವೃತ್ತ ಶಿಕ್ಷಕನ ಉಳಿತಾಯವಿದೆ, ವಿಧವೆಯ ಸಣ್ಣ ಗಂಟಿದೆ. ಧರ್ಮಾರ್ಥ ಟ್ರಸ್ಟುಗಳ ಹಣವನ್ನು ಯಾವ ಯಾವ ರೂಪಗಳಲ್ಲಿ ತೊಡಗಿಸಬಹುದೆಂಬುದನ್ನು ಆದಾಯ ತೆರಿಗೆ ಕಾನೂನು ಗೊತ್ತುಮಾಡಿದೆ. ಕ್ರಿಪ್ಟೊ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಯಾತ್ರೆಯ ಮುಂಗಡವನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೆ ರೂಪಾಯಿಯಲ್ಲಿಯೇ ಪಡೆಯುವುದು, ಪ್ರತಿಯೊಬ್ಬರಿಗೂ ರಸೀದಿ ಕೊಡುವುದು, ರದ್ದಾದರೆ ಎಷ್ಟು ದಿನಗಳಲ್ಲಿ ಎಷ್ಟು ಹಣ ಮರಳುವುದೆಂದು ಮೊದಲೇ ಬರೆದು ತಿಳಿಸುವುದು, ಕೊಟ್ಟವರಿಗೆ ಅಥವಾ ಅವರ ವಾರಸುದಾರರಿಗೆ ಹಣ ಮರಳಿಸುವುದು ಟ್ರಸ್ಟಿನ ಕನಿಷ್ಠ ಕರ್ತವ್ಯ.

ವಿದೇಶದಲ್ಲಿರುವ ಮಗನು ಕಲಬುರಗಿಯ ತಂದೆತಾಯಿಗಳ ಪ್ರವಾಸವನ್ನು ಕ್ರಿಪ್ಟೊ ಮೂಲಕ ಕಾಯ್ದಿರಿಸಲು ಮುಂದಾದಾಗ ಅವರು ಕೇಳಬೇಕಾದ ಪ್ರಶ್ನೆಗಳೂ ಇವೇ: ಟಿಕೆಟ್ಟು ಯಾರ ಹೆಸರಿನಲ್ಲಿದೆ? ರದ್ದಾದರೆ ಹಣ ಯಾವ ದರದಲ್ಲಿ, ಯಾರ ಕೈಗೆ ಮರಳುತ್ತದೆ? ವ್ಯವಹಾರ ಕೆಟ್ಟರೆ ಯಾವ ದೇಶದ ಯಾವ ಕಚೇರಿಯಲ್ಲಿ ದೂರು ಕೊಡಬೇಕು? ತೆರಿಗೆಯ ಲೆಕ್ಕವನ್ನು ಯಾರು ಇಡುತ್ತಾರೆ? ಇವುಗಳಿಗೆ ಸ್ಪಷ್ಟವಾದ ಉತ್ತರ ದೊರೆತರೆ ನಾಣ್ಯ ಹೊಸದೆಂಬ ಕಾರಣದಿಂದ ಅಂಜಬೇಕಾಗಿಲ್ಲ. ದೊರೆಯದಿದ್ದರೆ, ಅದು ಎಷ್ಟೇ ಆಧುನಿಕವಾಗಿದ್ದರೂ ಯಾತ್ರೆಗೆ ತಕ್ಕ ಹಣವಲ್ಲ.

ಗದ್ಯಾಣಕ್ಕೆ ಕಮ್ಮಟವಿತ್ತು, ಹುಂಡಿಗೆ ಸರಾಫನಿದ್ದನು, ಹಾಲಿ ಸಿಕ್ಕಕ್ಕೆ ರಾಜ್ಯವಿತ್ತು. ಆ ರಾಜ್ಯವು ಅಳಿದಾಗ ಹೊಣೆ ಹೊರಲು ಇನ್ನೊಂದು ರಾಜ್ಯ ಮುಂದೆ ಬಂದಿತು. ಹೊಸ ನಾಣ್ಯಕ್ಕೂ ಅಂತಹ ಹೊಣೆಗಾರನೊಬ್ಬನು ಸಿಗುವವರೆಗೆ, ಗೃಹಸ್ಥನು ತನ್ನ ಯಾತ್ರೆಯನ್ನು ಕೇಳಿದಾಗ ಉತ್ತರ ಕೊಡುವವರ ಕೈಗೆ ಒಪ್ಪಿಸುವುದೇ ಶ್ರೇಯಸ್ಕರ.